ತಂಬಿಗೆಯ ಮೇಲಿನ ಹೆಸರು

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ನಾನು ಅಡುಗೆಮನೆಯ ಗೂಡಿನಲ್ಲಿರುವ ಹಿತ್ತಾಳೆಯ ತಂಬಿಗೆಯನ್ನು ನೋಡುತ್ತೇನೆ. ಅದು ಯಾವ ಕಡೆ ಮುಖ ಮಾಡಿದೆಯೆಂದು ತಿಳಿಯುವ ತನಕ ನನಗೆ ಚಹಾ ರುಚಿಸುವುದಿಲ್ಲ. ದುಂಡಗಿನ ತಂಬಿಗೆಗೆ ಮುಖವೆಲ್ಲಿಂದ ಬಂತೆಂದು ನೀವು ಕೇಳಬಹುದು. ಹೆಸರು ಕೊರೆದ ಕಡೆಯೇ ಅದರ ಮುಖ. ನಮ್ಮ ಜಮಖಂಡಿಯಲ್ಲಿ ಹೆಸರಿಲ್ಲದ ಪಾತ್ರೆಗೆ ಸಂಸಾರದಲ್ಲಿ ಪಾತ್ರವೇ ಇಲ್ಲ. ನೆರೆಮನೆಗೆ ಹೋದರೆ ಅದು ತಿರುಗಿ ಬರುವ ಭರವಸೆಯೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು, ಸ್ವಭಾವದಿಂದ ಚಡಪಡಿಕೆಯವನು. ಒಂದು ತಾಸಿನ ಪಾಠದಲ್ಲಿ ಕರಿಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಾನು ನಡೆಯುವ ದಾರಿಯನ್ನು ನೇರ ಮಾಡಿದರೆ ಮುಧೋಳ ಮುಟ್ಟಬಹುದು ಎಂದು ಸಹೋದ್ಯೋಗಿಗಳು ನಗುತ್ತಾರೆ. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಾಗ ಕಚೇರಿಗಳ ಹಲಗೆಗಳನ್ನೆಲ್ಲ ಇಳಿಸಿ ಹೊಸ ಹೆಸರು ಬರೆಸಿದರು. ಈಗ ಕನ್ನಡದವರೆಲ್ಲ ಒಂದಾಗುತ್ತಾರೆ, ಮತ್ತೆ ಹಲಗೆ ಬದಲಾಗುತ್ತದೆ ಎಂಬ ಮಾತು ಸಂತೆಯಲ್ಲೂ ಕೇಳುತ್ತದೆ. ನಿಂತ ನೆಲದ ಹೆಸರೇ ನಿಲ್ಲದಿರುವಾಗ ನನ್ನಂಥವನ ಕಾಲು ನಿಲ್ಲುವುದಾದರೂ ಹೇಗೆ? ಇಂಥ ಹೊತ್ತಿನಲ್ಲಿ ನಾನು ಓಡಿಹೋಗಿ ಅಡಗುವ ಊರು ಪುರಾತನ ರೋಮ್.

ರೋಮನರ ನಾಮಕರಣದಷ್ಟು ನನ್ನನ್ನು ರಂಜಿಸಿದ ವಿಷಯ ಮತ್ತೊಂದಿಲ್ಲ. ಜಗತ್ತನ್ನೇ ಆಳಿದ ಜನ ಹೆಸರಿಡುವುದರಲ್ಲಿ ಕಡುಲೋಭಿಗಳು. ಗಂಡುಮಕ್ಕಳಿಗೆ ಇಡುತ್ತಿದ್ದ ಮೊದಲ ಹೆಸರುಗಳು ಬೆರಳೆಣಿಕೆಯವು. ಅವುಗಳಲ್ಲೂ ಕ್ವಿಂಟಸ್ ಎಂದರೆ ಐದನೆಯವನು, ಸೆಕ್ಸ್ಟಸ್ ಎಂದರೆ ಆರನೆಯವನು. ಅದರ ಹಿಂದೆ ಕುಲದ ಹೆಸರು. ಅದೂ ಸಾಲದೆ ಹೋದರೆ ಬೋಳುತಲೆಯೋ, ಡೊಂಕು ಕಾಲೋ, ಉದ್ದ ಮೂಗೋ ಮನೆತನದ ಬಿರುದಾಗಿ ಮೊಮ್ಮಕ್ಕಳವರೆಗೂ ಅಂಟಿಕೊಳ್ಳುತ್ತಿತ್ತು. ನಮ್ಮ ಶಾಲೆಯಲ್ಲಿ ನನಗೊಂದು ಅಡ್ಡಹೆಸರಿದೆ, ಅದು ಮೂಗಿಗೇ ಸಂಬಂಧಿಸಿದ್ದು. ಆದ್ದರಿಂದ ಈ ಸಂಪ್ರದಾಯದ ಬಗ್ಗೆ ನನಗೆ ಹೆಚ್ಚಿನ ಸಹಾನುಭೂತಿ. ಹೆಣ್ಣುಮಕ್ಕಳ ಪಾಡು ಮಾತ್ರ ಬೇರೆ. ಕ್ಲಾಡಿಯಸ್ ಕುಲದಲ್ಲಿ ಹುಟ್ಟಿದವಳು ಕ್ಲಾಡಿಯಾ. ಅವಳ ತಂಗಿಯೂ ಕ್ಲಾಡಿಯಾ. ಇಬ್ಬರಾದರೆ ಹಿರಿಯಳು, ಕಿರಿಯಳು. ಇನ್ನೂ ಹೆಚ್ಚಾದರೆ ಮೂರನೆಯವಳು ತೆರ್ತಿಯಾ, ನಾಲ್ಕನೆಯವಳು ಕ್ವಾರ್ತಾ. ಆದರೆ ಒಂದು ಸೌಜನ್ಯವಿತ್ತು: ಮದುವೆಯಾದ ಮೇಲೂ ಹೆಣ್ಣಿನ ಹೆಸರು ಬದಲಾಗುತ್ತಿರಲಿಲ್ಲ. ಈ ಒಂದು ಸಂಗತಿಯೇ ನನ್ನ ಸಂಸಾರಕ್ಕೆ ಕಲ್ಲು ಹಾಕಿತು.

ನಮ್ಮ ಕಡೆಯ ಮನೆಗಳಲ್ಲಿ ಮದುಮಗಳು ಹೊಸ್ತಿಲು ದಾಟಿ ಬಂದ ಮೇಲೆ ಒಂದು ಶಾಸ್ತ್ರವಿದೆ. ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ವರ ಬಂಗಾರದ ಉಂಗುರದಿಂದ ಅವಳಿಗೊಂದು ಹೊಸ ಹೆಸರು ಬರೆಯಬೇಕು. ಬರೆದದ್ದನ್ನು ಓದಿ ಎಲ್ಲರಿಗೂ ಸಕ್ಕರೆ ಹಂಚಬೇಕು. ಅಲ್ಲಿಗೆ ತವರಿನ ಹೆಸರು ತವರಿಗೆ. ನನಗೆ ನಿಶ್ಚಯವಾದ ಹುಡುಗಿ ಮುಧೋಳದವಳು, ನಾಲ್ವರು ಹೆಣ್ಣುಮಕ್ಕಳಲ್ಲಿ ಕೊನೆಯವಳು. ತೊಟ್ಟಿಲ ಹತ್ತಿರ ನಿಂತ ಅವಳ ಅಜ್ಜಿ ಇನ್ನು ಹೆಣ್ಣು ಸಾಕಪ್ಪಾ ದೇವರೇ ಎಂದು ಕೂಸಿನ ಕಿವಿಯಲ್ಲಿ ಉಸುರಿದ್ದೇ ಸಾಕೂಬಾಯಿ ಎಂಬ ಹೆಸರಾಗಿ ನಿಂತಿತಂತೆ.

ಮದುವೆಗೆ ಮುಂಚಿನ ಇಡೀ ತಿಂಗಳು ನಾನು ಹೆಸರು ಹುಡುಕುತ್ತ ಅಲೆದೆ. ಅವ್ವ ದಿನಕ್ಕೊಂದು ದೇವಿಯ ಹೆಸರು ಸೂಚಿಸಿದಳು, ನಾನು ದಿನಕ್ಕೊಂದು ನದಿಯ ಹೆಸರು ಆರಿಸಿ ಬಿಟ್ಟೆ. ಕೊನೆಗೊಂದು ಸಂಜೆ ರೋಮ್ ನೆನಪಾಗಿ ನನ್ನೊಳಗಿನ ಸುಧಾರಕ ಎದ್ದು ಕುಳಿತ. ಒಬ್ಬಳ ಹೆಸರು ಅಳಿಸಲು ನಾನು ಯಾರು? ಮರುದಿನವೇ ಬೋಗಾರರ ಅಂಗಡಿಗೆ ಹೋಗಿ ಒಂದು ತಂಬಿಗೆ ಕೊಂಡು, ‘ಸೌ. ಸಾಕೂಬಾಯಿ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆಸಿದೆ. ತಾಟಿನ ಅಕ್ಕಿಯಲ್ಲೂ ಅದನ್ನೇ ಬರೆದೆ. ಸಕ್ಕರೆಯ ಬಟ್ಟಲು ಹಿಡಿದಿದ್ದ ಅವ್ವ ಬಗ್ಗಿ ನೋಡಿ, “ಇದ್ದದ್ದ ಬರದೀಯಲ್ಲೋ, ಏನಾಗ್ಯದ ನಿನಗ?” ಎಂದಳು. ಮದುಮಗಳ ಬಾಗಿದ ಮುಖದಿಂದ ಒಂದು ಹನಿ ಅಕ್ಕಿಯ ಮೇಲೆ ಬಿತ್ತು. ಅದನ್ನು ಆನಂದಬಾಷ್ಪವೆಂದು ತಿಳಿದ ಪಂಡಿತ ನಾನೇ.

ಆಮೇಲೆ ಶುರುವಾದದ್ದು ತಂಬಿಗೆಯ ಪ್ರಕರಣ. ನಾನು ಹೆಸರು ಕಾಣುವಂತೆ ಅದನ್ನು ಗೂಡಿನಲ್ಲಿಟ್ಟರೆ ಮಧ್ಯಾಹ್ನದೊಳಗೆ ಅದು ಗೋಡೆಗೆ ಮುಖ ತಿರುಗಿಸಿರುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಹಿಂದುಮುಂದಾಗಿರಬೇಕು ಎಂದುಕೊಂಡೆ. ಅವ್ವನ ಮೇಲೆ ಸಂಶಯಪಟ್ಟೆ. ಗೂಡಿನ ತಳ ಓರೆಯಿದೆಯೇ ಎಂದು ಗೋಲಿ ಉರುಳಿಸಿ ಪರೀಕ್ಷಿಸಿದೆ. ಹೆಂಡತಿಯನ್ನು ಮಾತ್ರ ಕೇಳಲಿಲ್ಲ. ಹೀಗೆಯೇ ಆರು ತಿಂಗಳು ಕಳೆದವು. ಒಂದು ಭಾನುವಾರ ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಅತ್ತಿಂದಿತ್ತ ತಿರುಗುತ್ತ ಕ್ವಾರ್ತಾಳ ಕಥೆ ಹೇಳಿ, ನೋಡು, ರೋಮಿನಲ್ಲಿಯೂ ನಿನ್ನಂಥ ನಾಲ್ಕನೆಯವಳಿಗೆ ನಿನ್ನಂಥದೇ ಹೆಸರು ಎಂದು ಸಮಾಧಾನ ಮಾಡುವ ಧಾಟಿಯಲ್ಲಿ ಮುಗಿಸಿದೆ. ಅವಳ ಕೈ ನಿಂತಿತು.

“ನಾಕನೇದಾಕಿ ಅನ್ನೂದು ಎಣಿಕಿ ಆತ್ರೀ. ನನ್ನ ಹೆಸರು ಎಣಿಕಿ ಅಲ್ಲ, ಬ್ಯಾಸರಕಿ,” ಎಂದಳು. “ನಮ್ಮ ಅಕ್ಕಂದಿರ ಲಗ್ನದಾಗ ತಾಟು ನೋಡಿದಾಗಿಂದ ಕಾದಿದ್ದೆ. ನಂದೂ ಒಂದಿನಾ ಅಳಿಸಿ ಹೋಗ್ತದ ಅಂತ. ನೀವು ಮತ್ತ ಅದನ್ನ ಬರದ್ರಿ. ತಂಬಿಗಿ ಮ್ಯಾಲೆ ಬ್ಯಾರೆ ಕೊರಿಸಿ ತಂದ್ರಿ.”

ನನಗೆ ನಾಚಿಕೆಯಾಯಿತು. ನಾಚಿಕೆ ಎಂಬುದು ಸಣ್ಣ ಮಾತು; ಆ ಹೊತ್ತು ನನ್ನ ಕಾಲುಗಳು ಜೀವಮಾನದಲ್ಲಿ ಮೊದಲ ಸಲ ನಿಂತಲ್ಲೇ ನಿಂತವು. ಒಂದು ಹೆಣ್ಣು ಬಾಲ್ಯದಿಂದ ಕಾದ ಒಂದೇ ಒಂದು ಗಳಿಗೆಯನ್ನು ನಾನು ಔದಾರ್ಯದ ಹೆಸರಿನಲ್ಲಿ ಕಸಿದಿದ್ದೆ. ಈಗಲಾದರೂ ನಿನಗೆ ಬೇಕಾದ ಹೆಸರು ಹೇಳು, ಇವತ್ತಿನಿಂದ ಹಾಗೆಯೇ ಕರೆಯುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನೊಬ್ಬ ಕರೆದರೆ ಅದು ಮುದ್ದಿನ ಹೆಸರಾದೀತು. ಓಣಿಯವರೆಲ್ಲ ಸಕ್ಕರೆ ತಿಂದು ಕರೆದರೆ ತಾನೆ ಹೆಸರು? ಅದಕ್ಕೆ ಅವ್ವ ಒಪ್ಪಬೇಕಿತ್ತು. ಒಮ್ಮೆ ಆದ ಶಾಸ್ತ್ರವನ್ನು ಮತ್ತೆ ಮಾಡುವ ಪದ್ಧತಿ ಯಾವ ಮನೆಯಲ್ಲೂ ಇರಲಿಲ್ಲ.

ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವನ ಮುಂದೆ ನಾನು ರೋಮಿನಿಂದ ಪೀಠಿಕೆ ಹಾಕಿದೆ. ಅವಳು ಸ್ವಲ್ಪ ಹೊತ್ತು ಕೇಳಿ, “ಅಷ್ಟು ದೂರದ ಹೆಂಗಸರ ಹೆಸರೆಲ್ಲಾ ಹೇಳ್ತೀ. ನನ್ನ ತವರುಮನಿ ಹೆಸರು ಏನಿತ್ತು, ಹೇಳು ನೋಡೂಣು?” ಎಂದಳು.

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವಳ ಕೈಯ ಅನ್ನ ಉಂಡವನಿಗೆ ಅದನ್ನು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವ್ವ ತಾನೇ ಆ ಹೆಸರು ಹೇಳಿದಳು. ಹೇಳುವಾಗ ಅವಳ ದನಿ ಎಲ್ಲೋ ನೀರು ತರಲು ಹೋದ ಗೆಳತಿಯನ್ನು ಕೂಗುವವಳ ದನಿಯ ಹಾಗಿತ್ತು. ಆಮೇಲೆ ಬತ್ತಿ ಬದಿಗಿಟ್ಟು ಎದ್ದು, ತಾನೇ ತಾಟು ತಂದು ಅಕ್ಕಿ ಹರವಿ, ನನ್ನ ಬೆರಳಿನ ಉಂಗುರ ಬಿಚ್ಚಿಸಿಕೊಂಡು ಸೊಸೆಯ ಕೈಯಲ್ಲಿಟ್ಟಳು. “ನೀ ಬರಿಯವಾ. ಅವನ ಅಕ್ಷರ ನೋಡೀವಿ, ಸಾಕು.”

ಅವಳು ಬರೆದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದ ಕೈ, ಅಕ್ಷರ ನನಗಿಂತ ದುಂಡಗೆ. ಓಣಿಗೆಲ್ಲ ಸಕ್ಕರೆ ಹಂಚಿದೆವು. ಎರಡನೆಯ ಸಲ ಮದುವೆಯಾದಿರೇನು ಎಂದು ನಕ್ಕವರೂ ಸಕ್ಕರೆ ತಿಂದರು, ಹೊಸ ಹೆಸರಿನಿಂದ ಕರೆದರು. ಮರುದಿನ ಇಬ್ಬರೂ ತಂಬಿಗೆ ಹಿಡಿದು ಬೋಗಾರರ ಅಂಗಡಿಗೆ ಹೋದೆವು. “ಹಳೇದು ತಿಕ್ಕಿ ಅಳಿಸಲೇನ್ರೀ ಮಾಸ್ತರ? ಗುರುತು ಉಳಿಯಾಕಿಲ್ಲ,” ಎಂದ ಕೊರೆಯುವ ಮುದುಕ. ನಾನು ಬಾಯಿ ತೆರೆದೆ. ಪುಣ್ಯಕ್ಕೆ ಈ ಸಲ ಮುಚ್ಚಿಕೊಂಡು ಅವಳ ಕಡೆ ನೋಡಿದೆ. “ಇರ್ಲಿ ಬಿಡ್ರಿ, ಇವರಿಗೆ ನೆನಪಿಗೆ ಬೇಕಾಗ್ತದ. ಈ ಕಡೆ ಹೊಸಾದು ಕೊರೀರಿ,” ಎಂದಳು ಅವಳು.

ಹೀಗೆ ನಮ್ಮ ತಂಬಿಗೆ ಎರಡು ಮುಖದ್ದಾಯಿತು. ಮನೆಯಲ್ಲಿ ಎಲ್ಲ ಛಲೋ ಇದ್ದರೆ ಹೊಸ ಹೆಸರು ಹೊರಗೆ. ನಾನೇನಾದರೂ ಎಡವಟ್ಟು ಮಾಡಿದ್ದರೆ ‘ಸೌ. ಸಾಕೂಬಾಯಿ’ ನನ್ನನ್ನೇ ದಿಟ್ಟಿಸುತ್ತಾಳೆ. ನಿನ್ನೆ ಸಂಜೆ ಈ ಪ್ರಬಂಧವನ್ನು ಇಷ್ಟರವರೆಗೆ ಬರೆದು, ಹೆಮ್ಮೆಯಿಂದ ಅವಳಿಗೆ ಓದಿ ತೋರಿಸಿದೆ. ಅವಳು ಎಲ್ಲ ಕೇಳಿ, ಹೊಸ ಹೆಸರನ್ನೂ ಬರೆದಿರೇನು ಎಂದಳು. ಬರೆದಿದ್ದೇನೆ ಎಂದೆ. “ನನ್ನ ಕೇಳಿದ್ರೇನು?” ಎಂದು ಒಳಗೆ ಹೋದಳು. ಇವತ್ತು ಬೆಳಿಗ್ಗೆ ಗೂಡಿನಲ್ಲಿ ಸಾಕೂಬಾಯಿ ನಿಂತಿದ್ದಾಳೆ, ನನ್ನ ಕಡೆಗೇ ಮುಖ ಮಾಡಿ.

ಆದ್ದರಿಂದ, ಓದುಗರೇ, ಹೊಸ ಹೆಸರಿದ್ದ ಜಾಗಗಳಿಗೆಲ್ಲ ಮಸಿ ಬಳಿದಿದ್ದೇನೆ. ಹಳೆಯದನ್ನು ಹಾಗೆಯೇ ಬಿಟ್ಟಿದ್ದೇನೆ, ಅದು ಈಗ ನನ್ನ ತಪ್ಪಿನ ಹೆಸರು. ಹೊಸದು ನಿಮಗೆ ಬೇಕೇ ಬೇಕಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ, ಅವಳನ್ನೇ ಕೇಳಿ. ಹೇಳುತ್ತಾಳೆ. ಹುಟ್ಟಿದಂದಿನಿಂದ ಅವಳ ಹೆಸರಿನ ಮಾತಿನಲ್ಲಿ ಎಲ್ಲರೂ ಮರೆತದ್ದು ಅದೊಂದೇ, ಅವಳನ್ನು ಕೇಳುವುದು.