ಮುಂದಿನ ಆಟ ಹುಣ್ಣಿಮೆಗೆ

ಮಧ್ಯಾಹ್ನ ಸಾರಿನ ಕೊಪ್ಪರಿಗೆ ಬರಿದಾಗಿ, ಯೋಮ್ ನದಿಯ ದಡದ ಹಳೇ ಪೇಟೆ ತೂಕಡಿಸತೊಡಗಿದಾಗ, ಸೇಂಗ್ಲಾ ಕೈ ಒರೆಸಿಕೊಂಡು ಸಿವಿಯಂಗ್ ಚಿತ್ರಮಂದಿರದ ಪಕ್ಕದ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗುತ್ತಿದ್ದಳು. ಆಟ ನಿಂತು ಎಷ್ಟೋ ವರ್ಷಗಳಾಗಿದ್ದ ಆ ತೇಗದ ಕಟ್ಟಡದಲ್ಲಿ ಹಗಲಿಗೂ ಕತ್ತಲೆ. ಬಾಲ್ಕನಿಯ ಬೆನ್ನಿಗಿದ್ದ ಹಲಗೆಯೊಂದರಲ್ಲಿ ಮರದ ಗಂಟು ಕಳಚಿ ಬಿದ್ದು ಉಗುರಿನಷ್ಟು ತೂತಾಗಿತ್ತು. ಅದರ ಮೂಲಕ ಬಂದ ಬೆಳಕು ಎದುರಿನ ಮಾಸಿದ ಪರದೆಯ ಮೇಲೆ ಬೀದಿಯನ್ನೇ ತಲೆಕೆಳಗಾಗಿ ಹಾಸುತ್ತಿತ್ತು. ಆಕಾಶ ಕೆಳಗೆ, ಹೆಂಚಿನ ಮಾಡುಗಳು ಅದರೊಳಕ್ಕೆ ಜೋತುಬಿದ್ದಿವೆ, ಎಲ್ಲಕ್ಕೂ ಮೇಲೆ ಸೈಕಲ್ಲಿನವನೊಬ್ಬ ಚಾವಣಿ ಹಿಡಿದ ನೊಣದಂತೆ ಸಾಗುತ್ತಿದ್ದಾನೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬುದರಾಚೆಗೆ ಇದರಲ್ಲಿ ಪವಾಡವೇನೂ ಇಲ್ಲ. ಆದರೂ ಕತ್ತಲಲ್ಲಿ ಕುಳಿತು ಅದನ್ನು ನೋಡುತ್ತಿದ್ದರೆ, ಗೊತ್ತಿರುವುದೆಲ್ಲ ಕೊಂಚ ದೂರ ಸರಿದು ನಿಲ್ಲುತ್ತಿತ್ತು.

ಸೈಕಲ್ಲಿನವನು ಹಣ್ಣಿನಂಗಡಿಯ ಮುಂದೆ ನಿಂತ. ಅವನ ಮಾತು ಇಲ್ಲಿಗೆ ಕೇಳದು. ಸೇಂಗ್ಲಾಳೇ ಅವನಿಗೊಂದು ದಪ್ಪ ದನಿ ಕೊಟ್ಟಳು.

"ಏನಕ್ಕಾ, ಹಣ್ಣು ಸಿಹಿ ಇದೆಯಾ, ಇಲ್ಲ ನಿನ್ನ ಥರಾನಾ?"

ಕೂಡಲೇ ದನಿ ತೆಳುವಾಯಿತು. "ಬೊಚ್ಚುಬಾಯಿಗೆ ಸಿಹಿ ಆದ್ರೇನು, ಹುಳಿ ಆದ್ರೇನು. ಮುಂದೆ ನಡಿ."

ತಲೆಕೆಳಗಾದ ಹೆಂಗಸು ನಿಜಕ್ಕೂ ಕೈಬೀಸಿದಳು. ಸೇಂಗ್ಲಾ ತನ್ನಷ್ಟಕ್ಕೆ ನಕ್ಕಳು.

ಅವಳ ಬದುಕೆಲ್ಲ ಹೀಗೆ ಬೇರೆಯವರ ಬಾಯಿಗೆ ಮಾತು ತುಂಬುವುದರಲ್ಲೇ ಕಳೆದಿತ್ತು. ಹುಡುಗಿಯಾಗಿದ್ದಾಗ ಅವಳು ಇದೇ ಮಂದಿರದಲ್ಲಿ ಕಬ್ಬಿನ ತುಂಡು ಮಾರುತ್ತಿದ್ದಳು. ಆಗ ಈ ಸೀಮೆಗೆ ಚಿತ್ರಗಳು ಮೂಕವಾಗಿಯೇ ಬರುತ್ತಿದ್ದವು. ಹಿಂದಿನ ಗೂಡಿನಲ್ಲಿ ಮೈಕು ಹಿಡಿದು ಕುಳಿತವರು ಪರದೆ ನೋಡುತ್ತ ಎಲ್ಲ ಪಾತ್ರಗಳ ಮಾತನ್ನೂ ಆಡಬೇಕಿತ್ತು. ಗಂಡು ದನಿಯ ಇನ್‌ಪೆಂಗನ ಜೊತೆಗಾತಿ ಒಂದು ಸಂಜೆ ಜ್ವರದಿಂದ ಮಲಗಿದಾಗ, ಕಬ್ಬು ಕೂಗುವವಳ ಗಂಟಲು ಅವನಿಗೆ ನೆನಪಾಯಿತು. ಅಂದು ನಾಯಕಿಯಾಗಿ ಅತ್ತವಳು ವರ್ಷ ಕಳೆಯುವುದರೊಳಗೆ ಅವನ ಹೆಂಡತಿಯಾದಳು. ಗಂಡಸರು, ಕುದುರೆ, ಗುಡುಗು ಅವನ ಪಾಲು. ಹೆಂಗಸರು, ಮಕ್ಕಳು, ಹಕ್ಕಿಗಳು ಇವಳ ಪಾಲು. ಕಥೆಯ ನಡುವೆ ಊರಿನವರ ಹೆಸರು ಸೇರಿಸಿ ಕಿಚಾಯಿಸುವುದು ಇಬ್ಬರಿಗೂ ಚಾಳಿ. ರಾಜಕುಮಾರ ಕಾಡಿನಲ್ಲಿ ದಾರಿ ತಪ್ಪಿದರೆ, ಪೇಟೆಯ ದರ್ಜಿಗೆ ಹೊಲಿಯಲು ಕೊಟ್ಟ ಅಂಗಿ ಇನ್ನೂ ಬರಲಿಲ್ಲವೆಂದು ಗೊಣಗುತ್ತಿದ್ದ. ಟೀವಿ ಬಂದು ಜನ ಕರಗಿದ ಮೇಲೆ ತಿಂಗಳಿಗೊಂದೇ ಆಟ ಉಳಿಯಿತು. ಕೊನೆಯಲ್ಲಿ ಸೇಂಗ್ಲಾ, "ಮುಂದಿನ ಆಟ ಹುಣ್ಣಿಮೆಗೆ, ಎಲ್ಲರೂ ಬನ್ನಿ" ಎನ್ನುವವರೆಗೆ ಯಾರೂ ಏಳುತ್ತಿರಲಿಲ್ಲ. ಒಂದು ಹುಣ್ಣಿಮೆಗೆ ಅವಳು ಅದನ್ನು ಹೇಳಿದಳು, ಮಂದಿರ ಮತ್ತೆ ತೆರೆಯಲಿಲ್ಲ.

ಇನ್‌ಪೆಂಗ್ ತೀರಿಕೊಂಡ ಮೇಲೆ ಅವಳು ಮಂದಿರದ ಜಗಲಿಯ ಮೇಲೆ, ಬೂರುಗದ ಹೂವಿನ ಕೇಸರ ಹಾಕಿ ಕುದಿಸಿದ ಸಾರು ಮತ್ತು ಅಕ್ಕಿ ಶಾವಿಗೆ ಮಾರತೊಡಗಿದಳು. ಆಡಿದ ಮಾತೆಲ್ಲ ಹಲಗೆಗಳಿಗೆ ತಾಕಿ, ಅಳೆಯಲಾರದಷ್ಟು ಸಣ್ಣ ಬಿಸುಪಾಗಿ ಕರಗಿಹೋಗುತ್ತದೆ. ಮರ ದನಿಯನ್ನು ಕೂಡಿಡುವುದಿಲ್ಲ. ಇದು ಅವಳಿಗೂ ಗೊತ್ತಿರಬೇಕು. ಆದರೂ ಗೂಡಿನ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಾಗ, ತನ್ನ ಗಂಟಲಿನಿಂದ ಹೊರಟ ದಪ್ಪ ದನಿ ಗಂಡನದಾಗಿ ತಿರುಗಿ ಬರುವುದು ಈ ಮಂದಿರದಲ್ಲಿ ಮಾತ್ರ. ಮನೆಯಲ್ಲಿ ಅವಳು ಪ್ರಯತ್ನಿಸಿದ್ದಳು. ಅಲ್ಲಿ ಅದು ಬರೀ ಮುದುಕಿಯೊಬ್ಬಳ ಕೆಮ್ಮಿನಂತಿತ್ತು.

ಮಳೆಗಾಲಕ್ಕೆ ಮುಂಚೆ ಮಂದಿರದ ಮಾಲೀಕ ಕಿಯಾಟ್ ಅದನ್ನು ಬಿಚ್ಚಿಸಿ ಮರ ಮಾರುವುದಾಗಿ ಹೇಳಿದ. ಅವನ ಅಪ್ಪ ಕಟ್ಟಿಸಿದ ಮಂದಿರ. ಅಂಥ ತೇಗ ಈಗ ಕಾಡಿನಲ್ಲೂ ಸಿಗುವುದಿಲ್ಲವೆಂದು ಮರದ ವ್ಯಾಪಾರಿ ಬಂದು ಕಂಬಗಳನ್ನು ತಟ್ಟಿ ನೋಡಿಹೋಗಿದ್ದ. ಕಿಯಾಟ್ ಕೆಟ್ಟವನಲ್ಲ. ಹೆಂಚು ಜಾರಿ ದಾರಿಹೋಕರ ಮೇಲೆ ಬೀಳುತ್ತಿತ್ತು, ಬಯ್ಗಳ ಅವನ ಮೇಲೆ ಬೀಳುತ್ತಿತ್ತು. ಹಳೇ ಪೇಟೆಯನ್ನು ಉಳಿಸಲೆಂದು ನೆರೆಹೊರೆಯವರನ್ನು ಒಟ್ಟುಗೂಡಿಸಿದ್ದ ನಿವೃತ್ತ ಶಿಕ್ಷಕಿ ವಿಲಾವಾನ್, ಮಂದಿರವನ್ನು ತಾವೇ ದುರಸ್ತಿ ಮಾಡಿ ನಡೆಸುತ್ತೇವೆಂದು ಅವನ ಮನೆಬಾಗಿಲಿಗೆ ಹೋಗಿ ಬಂದಿದ್ದರು. ಅವನು ಚಹಾ ಕೊಟ್ಟು ಕಳುಹಿಸಿದ್ದ, ಉತ್ತರ ಕೊಟ್ಟಿರಲಿಲ್ಲ.

ಅವನನ್ನು ತಡೆದವರು ಬಡಗಿಗಳು. ಮಂದಿರ ಕಟ್ಟುವಾಗ ಅವನ ಅಪ್ಪ ಜಾಗದೊಡೆಯನೆಂಬ ದೈವಕ್ಕೆ ಸಿನಿಮಾ ತೋರಿಸುವುದಾಗಿ ಹರಕೆ ಹೊತ್ತಿದ್ದ. ಕೊನೆಯದಾಗಿ ಒಂದು ಆಟ ತೋರಿಸಿ, ಅಪ್ಪಣೆ ಕೇಳದೆ ಒಂದು ಮೊಳೆಯನ್ನೂ ಕೀಳುವುದಿಲ್ಲವೆಂದು ಮುಖ್ಯ ಬಡಗಿ ಪನ್ ಕೈಕಟ್ಟಿ ನಿಂತ. ಕಿಯಾಟ್ ಸೇಂಗ್ಲಾಳ ಜಗಲಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತ.

"ಪಾ, ನೀವೇ ಮಾತಾಡ್ಬೇಕು. ಒಡೆಯನಿಗೆ ನಿಮ್ಮ ದನಿ ಪರಿಚಯ." ಪಾ ಎಂದರೆ ದೊಡ್ಡಮ್ಮ, ಊರಿಗೆಲ್ಲ ಅವಳು ಪಾ.

"ನನ್ನ ಕೈಲೇ ನನ್ನ ಮನೆಗೆ ಬೆಂಕಿ ಇಡಿಸ್ತೀಯಲ್ಲೋ, ಮೂ," ಎಂದಳು ಅವಳು. ಮೂ, ಹಂದಿಮರಿ, ಅವನ ಎಳವೆಯ ಹೆಸರು. ಹಾಗೆ ಕರೆಯುವವರು ಊರಿನಲ್ಲಿ ಇನ್ಯಾರೂ ಉಳಿದಿರಲಿಲ್ಲ.

ವಿಲಾವಾನ್ ಬೇಡವೆಂದರು, ದೈವಕ್ಕೆ ಆಟ ನಡೆಯದಿದ್ದರೆ ಕೆಲಸವೂ ನಡೆಯದಲ್ಲ ಎಂದರು. ಸೇಂಗ್ಲಾ ಅವರ ಮಾತಿಗೆ ಒಪ್ಪಲಿಲ್ಲ. ಮಂದಿರ ಉಳಿಯಬೇಕೆಂಬ ಆಸೆ ಅವಳಿಗಿಂತ ಹೆಚ್ಚಾಗಿ ಯಾರಿಗಿತ್ತು? ಆದರೆ ಅದಕ್ಕೊಂದು ಬೀಳ್ಕೊಡುಗೆ ಆಗಲೇಬೇಕೆಂದಿದ್ದರೆ, ಪರವೂರಿನ ಯಾರೋ ಬಂದು ಗಂಟಲು ಹರಿದುಕೊಳ್ಳುವುದು ಅವಳಿಗೆ ಸಹ್ಯವಿರಲಿಲ್ಲ.

ಮಧ್ಯಾಹ್ನದ ಕತ್ತಲಲ್ಲಿ ಆಟ ಶುರುವಾಯಿತು. ಮುಂದಿನ ಸಾಲು ಒಡೆಯನಿಗೆ ಮೀಸಲು: ಖಾಲಿ ಕುರ್ಚಿಗಳು, ಮಲ್ಲಿಗೆ ಹಾರ, ಬೇಯಿಸಿದ ಮೊಟ್ಟೆ, ಕೆಂಪು ಸೋಡಾ. ದೋಣಿಗಾರನ ಮಗಳ ಹಳೆಯ ಚಿತ್ರ ಪರದೆಯ ಮೇಲೆ ಮಳೆ ಸುರಿದಂತೆ ಗೀರುಗಳ ನಡುವೆ ನಡುಗುತ್ತ ಎದ್ದುಬಂತು. ಸೇಂಗ್ಲಾ ಗೂಡಿನಲ್ಲಿ ಕುಳಿತು ಮೈಕಿಗೆ ಬಾಯಿ ಕೊಟ್ಟಳು. ದೋಣಿಗಾರ ಮಾತಾಡಿದಾಗ ಹಲಗೆಗಳಿಂದ ತಿರುಗಿ ಬಂದದ್ದು ಇನ್‌ಪೆಂಗನ ದನಿ. ಮಗಳು ಅವನಿಗೆ ಉತ್ತರ ಕೊಟ್ಟಳು. ಹೀಗೆ ಗಂಡಹೆಂಡಿರು ಬಹಳ ಕಾಲದ ಮೇಲೆ ಮಾತಿಗೆ ಕುಳಿತರು. ದನಿ ಬೀದಿಗೆ ಹರಿದು, ಪೇಟೆಯವರು ಒಬ್ಬೊಬ್ಬರಾಗಿ ಒಳಬಂದು ಹಿಂದಿನ ನೆಲದ ಮೇಲೆ ಕುಳಿತದ್ದನ್ನು ಅವಳು ಗಮನಿಸಲಿಲ್ಲ. ಕಥೆ ಮುಗಿಯಿತು, ಪರದೆ ಬಿಳುಪಾಯಿತು. ಅವಳ ಬಾಯಿ ಯಾರನ್ನೂ ಕೇಳದೆ ತನ್ನ ಹಳೆಯ ಕೆಲಸವನ್ನು ಮುಗಿಸಿತು:

"ಮುಂದಿನ ಆಟ ಹುಣ್ಣಿಮೆಗೆ, ಎಲ್ಲರೂ ಬನ್ನಿ."

ಎಲ್ಲರ ಕಣ್ಣೂ ಮುಂದಿನ ಸಾಲಿನ ಖಾಲಿ ಕುರ್ಚಿಗಳ ಕಡೆ ತಿರುಗಿತು. ಒಡೆಯನ ಎದುರು ಬಾಯಿಬಿಟ್ಟು ಕರೆದ ಮೇಲೆ ಅದು ಕರೆಯಲ್ಲ, ಹರಕೆ. ಪನ್ ಕೈಯಲ್ಲಿದ್ದ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

"ಬೇಕಂತ್ಲೇ ಮಾಡಿದ್ರಿ," ಎಂದ ಕಿಯಾಟ್. ಅವನ ಕಿವಿ ಕೆಂಪಾಗಿತ್ತು.

"ನನ್ನಾಣೆಗೂ ಇಲ್ಲ ಕಣೋ. ಬಾಯಿ ಅಭ್ಯಾಸ."

ವಿಲಾವಾನರಿಗೂ ಅದು ಅಭ್ಯಾಸವೆಂದು ನಂಬಿಕೆ ಬರಲಿಲ್ಲ. ಅವರು ಅವಳ ತೋಳು ಚಿವುಟಿ ನಕ್ಕರು. ಆ ನಗುವೇ ಸೇಂಗ್ಲಾಳಿಗೆ ಹೆಚ್ಚು ಚುಚ್ಚಿತು. ಖಾಲಿ ಕುರ್ಚಿಗಳಲ್ಲಿ ಯಾರೂ ಕುಳಿತಿರಲಿಲ್ಲ ಎನ್ನುವವರ ಪರ ತಕ್ಕಡಿ, ಅಳತೆಗೋಲು ಎಲ್ಲವೂ ಸಾಕ್ಷಿ ಹೇಳುತ್ತವೆ. ಆದರೆ ಬಡಗಿಗಳ ಕೈ ನಿಂತದ್ದು ನಿಜ, ಅದನ್ನು ನಿಲ್ಲಿಸಿದ್ದು ತನ್ನ ನಾಲಿಗೆ ಎಂಬುದೂ ನಿಜ. ತನ್ನನ್ನು ನಂಬಿ ಕರೆದ ಕಿಯಾಟ್‌ನನ್ನು ಮೋಸಗೊಳಿಸಿದ ಹಾಗಾಯಿತೇ ಎಂದು ಅವಳು ಕುದಿಯುವ ಸಾರಿನ ಮುಂದೆ ಕುಳಿತು ಯೋಚಿಸಿದಳು.

ಹೂವು, ಮೇಣದಬತ್ತಿ ಇಟ್ಟು ಕ್ಷಮೆ ಕೇಳಿದರೆ ಹರಕೆ ಹಿಂದಕ್ಕೆ ಹೋಗುತ್ತದೆ; ಆದರೆ ಆಡಿದವರೇ ಕೇಳಬೇಕು. ಕಿಯಾಟ್ ಅದನ್ನೇ ಕೋರಿದ. ಮರುದಿನ ಬೆಳಿಗ್ಗೆ ಅವಳು ಮಂದಿರದ ಮೂಲೆಯಲ್ಲಿದ್ದ ಒಡೆಯನ ಗುಡಿಯಂಥ ಪುಟ್ಟ ಮನೆಯ ಮುಂದೆ ಮಂಡಿಯೂರಿದಳು. ಕ್ಷಮೆ ಕೇಳಲು ಬಾಯಿ ತೆರೆದಳು. ಮೊದಲು ಬಂದದ್ದು ತಬ್ಬಲಿ ನಾಯಕಿಯ ದನಿ. ಅದನ್ನು ನುಂಗಿದರೆ ಸೊಕ್ಕಿನ ಅತ್ತೆಯದು. ಅದನ್ನೂ ನುಂಗಿದರೆ ಯಾವುದೋ ಗಿಳಿಯದು. ಎಲ್ಲರಿಗೂ ಮಾತು ಕೊಟ್ಟವಳು ತನ್ನದೆಂಬ ಒಂದು ದನಿಯನ್ನು ಹುಡುಕುತ್ತ ಬಿಸಿಲೇರುವವರೆಗೆ ಕುಳಿತಳು. ಮೇಣದಬತ್ತಿ ಬಾಗಿ ನೆಲ ಮುಟ್ಟಿತು.

"ನನ್ನ ದನೀನೇ ಬರ್ಲಿಲ್ಲ ಕಣೋ, ಮೂ," ಎಂದಳು ವಾಪಸ್ಸು ಬಂದು. "ಹುಣ್ಣಿಮೆಗೆ ಆಟ ತೋರಿಸಿ ಹರಕೆ ತೀರಿಸ್ಬಿಡ್ತೀನಿ. ಕೊನೇಲಿ ಬಾಯಿ ಬಿಡಲ್ಲ, ಮಾತು ಕೊಡ್ತೀನಿ. ಆಮೇಲೆ ನಿನ್ನಿಷ್ಟ."

ಹುಣ್ಣಿಮೆಯವರೆಗಿನ ದಿನಗಳಲ್ಲಿ ಪೇಟೆಯವರು ಮಂದಿರದ ಮಾಡಿಗೆಂದು ಹೆಂಚು ತಂದರು. ವಿಹಾರದ ಮಾಡಿಗೆ ಕೊಡುವಾಗ ಬರೆಯುವಂತೆ ಒಂದೊಂದರ ಒಳಮೈಯಲ್ಲೂ ಮನೆಯವರ ಹೆಸರು ಬರೆದಿದ್ದರು. ಸಿನಿಮಾ ಮಂದಿರದ ಹೆಂಚಿಗೂ ಪುಣ್ಯ ಬರುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ, ಹಿರಿಯ ಭಿಕ್ಷುಗಳು ತಾವು ಚಿಕ್ಕಂದಿನಲ್ಲಿ ಅಲ್ಲಿಗೆ ಕದ್ದು ನುಗ್ಗುತ್ತಿದ್ದುದರ ಪಾಪ ಕಳೆದರೆ ಸಾಕೆಂದು ಒಂದು ಹೆಂಚಿಗೆ ತಮ್ಮ ಹೆಸರನ್ನೂ ಸೇರಿಸಿದರು. ಬೀಳಿಸುವ ಮಾಡಿಗೆ ಹೆಂಚು ಹೊದಿಸುತ್ತಿದ್ದೀರಲ್ಲ ಎಂದು ಕಿಯಾಟ್ ಹಂಗಿಸಿದ. ಆದರೆ ತಡೆಯಲಿಲ್ಲ. ವಿಲಾವಾನ್ ಮೊದಲ ಹೆಂಚಿನ ಮೇಲೆ ಅವನ ಅಪ್ಪನ ಹೆಸರು ಬರೆದಿದ್ದರು. ಅಕ್ಷರ ಸೊಟ್ಟಗಿದೆಯೆಂದು ಅವನು ಅದನ್ನು ಒರೆಸಿ, ತಾನೇ ಕುಳಿತು ಅಪ್ಪ ಬರೆಯುತ್ತಿದ್ದ ಚೀನೀ ಲಿಪಿಯಲ್ಲಿ ಬರೆದುಕೊಟ್ಟ. ಹಲಗೆಯ ತೂತನ್ನು ಮುಚ್ಚಲು ಹೊರಟ ಪನ್‌ನ ಕೈಯನ್ನು ಸೇಂಗ್ಲಾ ಹಿಡಿದುಕೊಂಡಳು.

ಹುಣ್ಣಿಮೆಯ ಸಂಜೆ ಮಂದಿರ ತುಂಬಿತು. ಸೇಂಗ್ಲಾ ದೋಣಿಗಾರನಿಂದ ಊರಿನ ದರ್ಜಿಯನ್ನು ಮತ್ತೆ ಬಯ್ಯಿಸಿದಳು. ಈಗ ಅಂಗಡಿ ನಡೆಸುತ್ತಿದ್ದ ಅವನ ಮೊಮ್ಮಗ ಎದ್ದು ನಿಂತು ಕೈಮುಗಿದ. ನದಿಯ ಮೇಲೆ ಮಂಜು ಹರಡಿತು, ಮಗಳು ದೋಣಿ ಹತ್ತಿದಳು, ದೋಣಿ ಮಂಜಿನೊಳಗೆ ಹೋಯಿತು. ಪರದೆ ಬಿಳುಪಾಯಿತು.

ಸೇಂಗ್ಲಾ ಮೈಕನ್ನು ಮಡಿಲಲ್ಲಿಟ್ಟುಕೊಂಡು ತುಟಿ ಬಿಗಿದಳು. ಕೊಟ್ಟ ಮಾತು ಮಾತು. ಕೆಳಗೆ ವಿಲಾವಾನ್ ಕುತ್ತಿಗೆ ತಿರುಗಿಸಿ ಗೂಡಿನ ಕಡೆ ನೋಡುತ್ತಿದ್ದರು; ಅವಳು ನೋಡಲಿಲ್ಲ. ಜನ ಏಳಲಿಲ್ಲ. ಅವರು ಹಟ ಹಿಡಿದದ್ದಲ್ಲ. ಹಿರಿಯರಿಗೆ ಕೊನೆಯ ಮಾತು ಕೇಳದೆ ಕಾಲು ಏಳದು, ಹಿರಿಯರು ಏಳದೆ ಕಿರಿಯರು ಏಳರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಎಲ್ಲೋ ಒಂದು ಮಗು ನಿದ್ದೆಯಲ್ಲಿ ನಕ್ಕಿತು.

ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಿಯಾಟ್ ಕಾದ, ಮತ್ತಷ್ಟು ಕಾದ. ಹುಡುಗನಾಗಿದ್ದಾಗ ಇದೇ ಬಾಗಿಲಲ್ಲಿ, ಇದೇ ಮಾತಿಗಾಗಿ ಕಾದು ಎಲ್ಲರಿಗಿಂತ ಮೊದಲು ಓಡುತ್ತಿದ್ದವನು ಅವನು. ಕೊನೆಗೆ ಅವನು ಮೆಟ್ಟಿಲು ಹತ್ತಿ ಬಂದು ಗೂಡಿನೊಳಗೆ ತಲೆ ತೂರಿಸಿದ.

"ಏನ್ ಪಾ, ಹಿಂಗೆ ಕೂತ್ಬಿಟ್ರೆ? ನೀವು ಹೇಳ್ದೆ ಇವ್ರು ಏಳಲ್ಲ. ನಾನು ಬಾಗ್ಲು ಹಾಕ್ಬೇಕು."

"ಹೇಳಲ್ಲ ಅಂತ ಮಾತು ಕೊಟ್ಟಿದೀನಲ್ಲೋ."

ಕಿಯಾಟ್ ಕೆಳಗಿನ ತಲೆಗಳನ್ನೂ, ಮುಂದಿನ ಸಾಲಿನ ಖಾಲಿ ಕುರ್ಚಿಗಳನ್ನೂ, ಮೇಲೆ ಹೊಸ ಹೆಂಚುಗಳನ್ನೂ ನೋಡಿದ. ಅಲ್ಲೆಲ್ಲೋ ಕತ್ತಲಲ್ಲಿ ಅಪ್ಪನ ಹೆಸರಿತ್ತು.

"ಮರದವನಿಗೆ ಬೆಳಿಗ್ಗೆ ಏನಾದ್ರೂ ಹೇಳ್ಕೊತೀನಿ," ಎಂದ. "ನೀವು ಮೊದ್ಲು ಅದನ್ನ ಹೇಳಿ ಮುಗ್ಸಿ."

ಸೇಂಗ್ಲಾ ಮೈಕು ಎತ್ತಿಕೊಂಡಳು. ಯಾವ ದನಿಯಲ್ಲಿ ಹೇಳುವುದೆಂದು ಒಂದು ಗಳಿಗೆ ಯೋಚಿಸಿ, ಯಾವುದನ್ನೂ ಆರಿಸಿಕೊಳ್ಳದೆ ಹೇಳಿದಳು. ಜನ ಎದ್ದು, ಚಾಪೆ ಮಡಚಿ, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟರು.