ಮೂರನೇ ಅಧ್ಯಾಯದ ಖಾಲಿ ಹಾಳೆಗಳು

ನಮ್ಮ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದವಳನ್ನು ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಗೋಂದಿನಲ್ಲಿ ಅದ್ದಿದ ಕೈ. ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ. ಮುದ್ರಣಾಲಯದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಕಣ್ಣು ಮಂಜಾದ ಅತ್ತೆ, ನಮ್ಮಲ್ಲೇ ರಸಾಯನಶಾಸ್ತ್ರ ಓದುವ ಮಗಳು ಮತ್ತು ಇವಳು. ಕೆಲಸ ಇದ್ದರೆ ಮನೆ, ಕೆಲಸ ಇದ್ದರೆ ಸಿಬ್ಬಂದಿಯ ಮಕ್ಕಳಿಗಿರುವ ಶುಲ್ಕ ವಿನಾಯಿತಿ. ಕೆಲಸ ಹೋದರೆ ಮೂವರೂ ಬೀದಿಗೆ.

ಅವಳ ಬಗ್ಗೆ ಬರೆಯಲು ಕಾರಣ ಅವಳು ಮಾಡಿದ ಒಂದು ತಪ್ಪು. ನಮ್ಮಂಥ ದೊಡ್ಡ ಮನುಷ್ಯರು ಮಾಡಿದ್ದನ್ನು ತಪ್ಪು ಎಂದು ಕರೆಯುವ ವಾಡಿಕೆ ಇಲ್ಲ.

ಐದು ವರ್ಷದ ಹಿಂದೆ ಕುಲಪತಿಗಳು ‘ಪಂಚವಾರ್ಷಿಕ ಮುನ್ನೋಟ’ ಎಂಬ ಯೋಜನೆ ಮಾಡಿಸಿದರು. ಮುನ್ನೂರು ಪ್ರತಿ, ಎರಡೇ ದಿನದಲ್ಲಿ ಬೇಕು. ಪುಸ್ತಕವೆಂದರೆ ಹದಿನಾರು ಪುಟಗಳ ಕಂತೆಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುವುದು. ಮೂರನೇ ಅಧ್ಯಾಯ ಸರಿಯಾಗಿ ಒಂದು ಕಂತೆ. ಕೊನೆಯಲ್ಲಿ ಓದುಗರು ಟಿಪ್ಪಣಿ ಬರೆದುಕೊಳ್ಳಲಿ ಎಂದು ಒಂದು ಖಾಲಿ ಕಂತೆ. ಇವರಿಗೆ ಓದುಗರಿರುತ್ತಾರೆ ಎಂಬ ಭ್ರಮೆ ಬೇರೆ. ಅವಸರದಲ್ಲಿ ಅಂಟಕ್ಕ ಮೂರನೇ ಅಧ್ಯಾಯದ ಜಾಗದಲ್ಲಿ ಖಾಲಿ ಕಂತೆಯನ್ನು ಹೊಲಿದುಬಿಟ್ಟಳು. ಮುನ್ನೂರಕ್ಕೆ ಮುನ್ನೂರೂ ಹಾಗೆಯೇ ಹೋದವು. ಮರುದಿನ ಕಸ ಗುಡಿಸುವಾಗ ಮೇಜಿನ ಕೆಳಗೆ ಮೂರನೇ ಅಧ್ಯಾಯದ ರಾಶಿ ಕಂಡಾಗಲೇ ಅವಳಿಗೆ ತಪ್ಪು ಗೊತ್ತಾಗಿದ್ದು.

ಯಾರಿಗೂ ಹೇಳಲಿಲ್ಲ. ಆ ಹಾಳೆಗಳನ್ನು ಕತ್ತರಿಸಿ ವಿದ್ಯಾರ್ಥಿಗಳ ಪ್ರಬಂಧಗಳ ಬೆನ್ನಿಗೆ ಒಳಗಿನಿಂದ ಅಂಟಿಸುತ್ತ ಬಂದಳು. ಮೂರನೇ ಅಧ್ಯಾಯದಿಂದ ಜಗತ್ತಿಗೆ ಆದ ಉಪಕಾರ ಅದೊಂದೇ. ಆಡಳಿತ ಕಚೇರಿಯ ಜವಾನ ಮುದ್ರಣಾಲಯದ ಕಡೆ ತಿರುಗಿದಾಗಲೆಲ್ಲ ಉಳಿದ ಹಾಳೆಗಳ ಮೇಲೆ ಗೋಣಿಚೀಲ ಎಳೆಯುತ್ತಿದ್ದಳು. ಐದು ವರ್ಷ ಹೀಗೇ. ಆ ಐದು ವರ್ಷದಲ್ಲಿ ವಿಶ್ವವಿದ್ಯಾಲಯ ಯೋಜನೆಯ ಹಂಗಿಲ್ಲದೆ ಬೆಳೆಯಿತು. ಸೀಟಿಗೆ ನೂಕುನುಗ್ಗಲು, ಹಾಸ್ಟೆಲಿನಲ್ಲಿ ಇಬ್ಬರ ಕೋಣೆಗೆ ನಾಲ್ವರು, ಪ್ರಯೋಗಾಲಯಗಳಲ್ಲಿ ಭಾನುವಾರವೂ ದೀಪ.

ಆಗ ಕುಲಪತಿಗಳಿಗೆ ಹೊಸ ಯೋಜನೆಯ ಹುಕಿ ಹತ್ತಿತು. ಮೊದಲ ಸಭೆಯಲ್ಲಿ ಗಣಿತದ ಹಿರಿಯ ಮೇಷ್ಟ್ರು ಕೇಳಿದರು, "ಎಲ್ಲ ಚೆನ್ನಾಗೇ ನಡೀತಿದೆಯಲ್ಲ, ಈಗ್ಯಾಕೆ ಯೋಜನೆ?"

"ಚೆನ್ನಾಗಿ ನಡೀತಿರೋದಕ್ಕೇ ಬೇಕು," ಎಂದರು ಕುಲಪತಿಗಳು. ಹದಿನಾಲ್ಕು ತಲೆಗಳು ಏನೋ ಅರ್ಥವಾದಂತೆ ಆಡಿದವು. ಅದರಲ್ಲಿ ಒಂದು ನನ್ನದು.

ಹಳೆಯ ಯೋಜನೆ ಎಷ್ಟು ಈಡೇರಿತು ಎಂದು ಅಧ್ಯಾಯಕ್ಕೊಬ್ಬರು ವರದಿ ಬರೆಯಬೇಕಿತ್ತು. ಮೂರನೆಯದು ನನ್ನ ಪಾಲಿಗೆ ಬಂತು. ಆಡಳಿತಶಾಸ್ತ್ರದ ಮೇಷ್ಟ್ರಾದ ನಾನು ಪುಸ್ತಕ ತೆರೆಯುವ ಗೋಜಿಗೆ ಹೋಗದೆ, ‘ಗುರಿಗಳು ನೂರಕ್ಕೆ ತೊಂಬತ್ತೆರಡರಷ್ಟು ಈಡೇರಿವೆ’ ಎಂದು ಬರೆದು ಕೊಟ್ಟೆ. ನೂರು ಎಂದರೆ ಅನುಮಾನ ಬರುತ್ತದೆ, ತೊಂಬತ್ತು ಎಂದರೆ ಅಂದಾಜಿನಂತೆ ಕಾಣುತ್ತದೆ. ಇಷ್ಟು ಬುದ್ಧಿ ನನಗಿತ್ತು.

ಹಳೆಯ ಯೋಜನೆಯನ್ನು ಪರಿಶೀಲಿಸುತ್ತಿದ್ದಾರೆಂಬ ಸುದ್ದಿ ಅಂಟಕ್ಕನ ಕಿವಿಗೆ ಬಿತ್ತು. ನನ್ನ ಕೋಣೆಗೆ ಬಂದು, ಕೂರದೆ, ಎಲ್ಲವನ್ನೂ ಹೇಳಿದಳು.

"ಅಕ್ಕ, ಈಗ್ಯಾಕೆ ಅದೆಲ್ಲ? ಸುಮ್ನಿದ್ಬಿಡಿ," ಎಂದೆ. ಅವಳ ಮೇಲಿನ ಕರುಣೆಯಿಂದ ಹೇಳಿದ್ದಲ್ಲ. ನನಗೆ ಕಂಡಿದ್ದು ನನ್ನ ತೊಂಬತ್ತೆರಡು.

"ಆಗಲ್ಲ ಸಾರ್. ಮಗಳಿಗೆ ಹೇಳ್ದೆ. ಮನೆ ಹೋದ್ರೆ ಹೋಗ್ಲಿ ಅಮ್ಮ, ನೀನು ಇನ್ನು ಹೆದರ್ಕೊಂಡು ಬದುಕ್ಬೇಡ ಅಂದ್ಲು."

ಮುಂದಿನ ಸಭೆಗೆ ಅವಳು ಹೇಳದೆ ಕೇಳದೆ ಬಂದಳು. ಬಾಗಿಲಲ್ಲಿ ನಿಂತು ಹಳೆಯ ಯೋಜನೆಯ ಒಂದು ಪ್ರತಿಯನ್ನು ಮೂರನೇ ಅಧ್ಯಾಯದ ಜಾಗದಲ್ಲಿ ತೆರೆದು ಹಿಡಿದಳು. "ತಪ್ಪು ನಂದು. ಎಲ್ಲ ಪುಸ್ತಕದಲ್ಲೂ ಹೀಗೇ ಇದೆ," ಎಂದಳು. ಹದಿನಾರು ಪುಟ, ಹಾಲಿನಂತೆ ಬಿಳಿ. ನನ್ನ ವರದಿ ಎಲ್ಲರ ಮುಂದೆ ಇತ್ತು. ಯಾರೂ ನನ್ನತ್ತ ನೋಡಲಿಲ್ಲ, ಏಕೆಂದರೆ ಉಳಿದ ಅಧ್ಯಾಯಗಳ ವರದಿ ಬರೆದವರೂ ಅಲ್ಲೇ ಕೂತಿದ್ದರು. ಕಳ್ಳರ ಮರ್ಯಾದೆ ಅಷ್ಟರಮಟ್ಟಿಗೆ ದೊಡ್ಡದು.

ಕುಲಪತಿಗಳು ಕನ್ನಡಕ ಒರೆಸಿಕೊಂಡರು. "ನೋಡಿದ್ರಾ? ಇದಕ್ಕೇ ನಮಗೆ ಹೊಸ ಯೋಜನೆ ಬೇಕು ಅನ್ನೋದು." ಎಲ್ಲರೂ ಮೇಜು ಕುಟ್ಟಿದರು. ಗಣಿತದ ಮೇಷ್ಟ್ರು ಮಾತ್ರ ಎದ್ದು ಹೋದರು. ವಯಸ್ಸಾಯ್ತು ಅವರಿಗೆ ಎಂದು ಯಾರೋ ಅಂದರು.

ಅಂಟಕ್ಕನಿಗೆ ಶಿಕ್ಷೆ ಆಗಲಿಲ್ಲ. ಶಿಕ್ಷೆ ಕೊಡಬೇಕಾದರೆ ಕಾರಣವನ್ನು ಕಾಗದದ ಮೇಲೆ ಬರೆಯಬೇಕು. ಬರೆದರೆ ನನ್ನ ತೊಂಬತ್ತೆರಡನ್ನೂ ಬರೆಯಬೇಕು. ಅವಳು ಮಗಳ ಮುಂದೆ ಕೂತು ಅತ್ತಳಂತೆ, ಸಂತೋಷಕ್ಕೆ. ಇತ್ತ ಕುಲಸಚಿವರು ನನ್ನನ್ನು ಕರೆದು, ಹೊಸ ಮೂರನೇ ಅಧ್ಯಾಯವನ್ನು ನೀವೇ ಬರೆಯಿರಿ, ಮೊದಲ ಸಾಲು ಹೀಗಿರಲಿ ಎಂದು ಸೂಚಿಸಿದರು. ಬರೆದೆ. ಭಾಷೆ ಕೊಂಚ ತಿದ್ದಿ, ಅಂದಗೊಳಿಸಿಯೇ ಬರೆದೆ. ಅನುಷ್ಠಾನ ಸಮಿತಿಗೆ ನನ್ನ ಹೆಸರು ಸೇರಿತು.

ಹೊಸ ಯೋಜನೆಯ ಮುನ್ನೂರು ಪ್ರತಿಗಳನ್ನೂ ಹೊಲಿದವಳು ಅವಳೇ. ಈ ಸಲ ಹಾಳೆ ಹಾಳೆ ಎಣಿಸಿದಳಂತೆ. ನನ್ನ ಪ್ರತಿಯನ್ನು ತಾನೇ ತಂದು ಮೇಜಿನ ಮೇಲಿಟ್ಟಳು.

"ಎಲ್ಲ ಪುಟ ಇದೆ ಸಾರ್. ಒಂದ್ಸಲ ನೋಡ್ಬಿಡಿ."

"ನಿಧಾನಕ್ಕೆ ಓದ್ತೀನಿ ಅಕ್ಕ."

"ಬೇಡ, ನಾನೇ ಓದ್ತೀನಿ." ನಿಂತಲ್ಲೇ ಪುಸ್ತಕದ ಮೂರನೇ ಅಧ್ಯಾಯ ತೆರೆದಳು. ಮಗಳ ಪಾಠ ಒಪ್ಪಿಸಿಕೊಳ್ಳುವ ತಾಯಿಯ ಹಾಗೆ, ಪದಕ್ಕೊಮ್ಮೆ ಬೆರಳಿಟ್ಟು ಓದಿದಳು: "‘ದೋಷಮುಕ್ತ ಭವಿಷ್ಯದತ್ತ ಮೊದಲ ಹೆಜ್ಜೆಯಾಗಿ ಪುಸ್ತಕ ಕಟ್ಟುವ ವಿಭಾಗವನ್ನು ಈ ವರ್ಷಾಂತ್ಯಕ್ಕೆ ಮುಚ್ಚಿ, ಅದರ ವಸತಿಗಳನ್ನು ಹಿಂಪಡೆಯಲಾಗುವುದು.’"

ಎರಡನೇ ಸಲ ಓದಲಿಲ್ಲ. ಪುಸ್ತಕ ಮುಚ್ಚಿ, ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಅಂಟು ಹಿಡಿದಿದೆಯೇ ಎಂದು ನೋಡಿದಳು.

"ಇದನ್ನ ಯಾರು ಬರೆದಿದ್ದು ಸಾರ್?"

"ಸಮಿತಿ," ಎಂದೆ.