ಸೀಟಕ್ಕ ತಳ್ಳಿ ನೋಡಿ ಕೊಂಡ ಗಾಡಿ

ಹಳೇ ಗಾಡಿ ಕೊಳ್ಳುವವರು ಬಾನೆಟ್ ಎತ್ತಿ ನೋಡುತ್ತಾರೆ, ಓಡಿಸಿ ನೋಡುತ್ತಾರೆ, ಟೈರಿಗೆ ಒಂದು ಒದೆ ಕೊಟ್ಟು ಎಲ್ಲ ತಿಳಿದವರ ಹಾಗೆ ತಲೆ ಆಡಿಸುತ್ತಾರೆ. ಸೀಟಕ್ಕ ಮಾತ್ರ ತಳ್ಳಿ ನೋಡಿ ಕೊಂಡಳು. ಆ ಗಾಡಿಯಲ್ಲಿ ಡಾಂಬರು ಮುಗಿದ ಮೇಲೂ ನಲವತ್ತು ಕಿಲೋಮೀಟರ್ ಹೋಗಿ ಬಂದಳು. ಹೆದರುಪುಕ್ಕಲ ಗಂಡನನ್ನೂ ಕರೆದುಕೊಂಡು ಹೋಗಿದ್ದಳು. ಅವಳ ವಿಷಯ ಹೇಳುವುದಕ್ಕೆ ಇಷ್ಟು ಕಾರಣ ಸಾಕು.

ಗಾಡಿಗಳಿಗೆ ಸೀಟು ಹೊಲಿಯುವುದು ಅವಳ ಕಸುಬು. ಅದಕ್ಕೇ ಬೀದಿಗೆಲ್ಲ ಅವಳು ಸೀಟಕ್ಕ. ಒಂದೇ ಕೋಣೆಯ ಅಂಗಡಿ. ಬಾಗಿಲಿಗೆ ತಗಡಿನ ಶಟರ್, ಒಳಗೆ ಒಂದು ಹಳೇ ಹೊಲಿಗೆ ಮಷಿನ್, ಗೋಡೆಗೊರಗಿಸಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಸೂರಿನ ತನಕ ಫೋಮಿನ ರಾಶಿ. ಮಷಿನ್ನಿನ ಪಕ್ಕದಲ್ಲಿ ಒಂದು ಗಾಜಿನ ಭರಣಿ.

ಹಳೇ ಸೀಟು ಬಿಚ್ಚಿದರೆ ಸಂದಿಯಲ್ಲಿ ಏನಾದರೂ ಇದ್ದೇ ಇರುತ್ತದೆ. ನಾಣ್ಯ, ಬಾಚಣಿಗೆ, ಕಿವಿಯೋಲೆ ಸಿಕ್ಕರೆ ಗಿರಾಕಿಗೆ ವಾಪಸ್. ಹುಲ್ಲಿನ ಬೀಜ, ನುಣುಪಾದ ಕಲ್ಲು, ಹಕ್ಕಿಯ ಪುಕ್ಕ ಸಿಕ್ಕರೆ ಮಾತ್ರ, "ಇದು ನಂಗಿರಲಿ. ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿ ಭರಣಿಗೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಭರಣಿ ಮುಕ್ಕಾಲು ತುಂಬಿತ್ತು. ಅದರಲ್ಲಿ ನೀಲಿ ಪುಕ್ಕ ಐದಾರಿದ್ದವು. ಪುಕ್ಕದ ಗಿರಾಕಿಗಳೆಲ್ಲ ಒಂದೇ ಜಾಗ ಹೇಳಿದ್ದರು. ಗುಡ್ಡದಾಚೆ ಒಂದು ಕೆರೆ ಇದೆ, ಡಾಂಬರು ಮುಗಿದ ಮೇಲೆ ನಲವತ್ತು ಕಿಲೋಮೀಟರ್ ಮಣ್ಣುದಾರಿ, ಬಸ್ಸು ಹೋಗುವುದಿಲ್ಲ. ತಾನು ಹೊಲಿದ ಸೀಟುಗಳೆಲ್ಲ ಆ ಕೆರೆ ನೋಡಿ ಬಂದಿವೆ, ತಾನು ಮಾತ್ರ ಈ ಸ್ಟೂಲ್ ಬಿಟ್ಟು ಎದ್ದಿಲ್ಲ ಎಂದು ಸೀಟಕ್ಕನಿಗೆ ಹೊಟ್ಟೆ ಉರಿ.

ಅಷ್ಟರಲ್ಲಿ ನೀರಿನ ಪೈಪಿಗೆ ಬೀದಿ ಅಗೆಯುತ್ತಾರೆ, ನಾಲ್ಕು ವಾರ ಅಂಗಡಿಗಳೆಲ್ಲ ಬಂದ್ ಎಂದು ಚೀಟಿ ಬಂತು. ಬೀದಿಯವರೆಲ್ಲ ತಲೆ ಮೇಲೆ ಕೈ ಹೊತ್ತರು. ಸೀಟಕ್ಕ ಚೀಟಿಯನ್ನು ಎರಡು ಸಲ ಓದಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು.

"ರೀ, ಕೆರೆಗೆ ಹೋಗೋಣ," ಎಂದಳು ಗಂಡನಿಗೆ. "ಈ ನಾಲ್ಕು ವಾರ ಬಿಟ್ರೆ ಇನ್ನು ಶಟರ್ ಎಳೆಯೋದು ನಾನು ಸತ್ತಾಗಲೇ."

ಗಂಡನಿಗೆ ಊರು ಇಟ್ಟ ಹೆಸರು ನಿಧಾನಣ್ಣ. ಇಪ್ಪತ್ತೊಂಬತ್ತು ವರ್ಷ ಶಾಲೆಯ ವ್ಯಾನ್ ಓಡಿಸಿ ಈಗಷ್ಟೇ ನಿವೃತ್ತನಾದವನು. ಅವನ ವ್ಯಾನನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. ಅಷ್ಟು ವರ್ಷದಲ್ಲಿ ಅವನು ಡಾಂಬರು ಬಿಟ್ಟು ಇಳಿದದ್ದು ಒಂದೇ ಸಲ, ಎದುರು ಬಂದ ಲಾರಿಗೆ ದಾರಿ ಬಿಡಲು. ಚಕ್ರ ಕೆಸರಲ್ಲಿ ಹೂತು, ಇಡೀ ಬೀದಿ ಬಂದು ಎತ್ತಬೇಕಾಯಿತು. ಕಿಟಕಿಯಲ್ಲಿ ಮಕ್ಕಳೆಲ್ಲ ಚಪ್ಪಾಳೆ ಹೊಡೆದಿದ್ದವು. ಆ ಮಕ್ಕಳಿಗೆ ಈಗ ಮೀಸೆ ಬಂದಿದೆ. ಎದುರು ಸಿಕ್ಕರೆ ಇವತ್ತಿಗೂ, "ಅಂಕಲ್, ಕೆಸರು ನೋಡ್ಕೊಂಡು ಹೋಗಿ," ಎನ್ನುತ್ತಾರೆ.

ನಿಧಾನಣ್ಣ ಬಹಳ ಹೊತ್ತು ಯೋಚಿಸಿದ. ಟೀ ಆರಿಹೋಯಿತು.

"ಬರ್ತೀನಿ ಕಣೇ," ಎಂದ. "ಆದ್ರೆ ಗಾಡಿ ಹೂತ್ಕೊಂಡ್ರೆ ನಾವಿಬ್ರೇ ಎತ್ತೋ ಹಾಗಿರಬೇಕು. ಇನ್ನೊಬ್ರನ್ನ ಕೂಗ್ಬೇಕಾದ ಗಾಡಿ ಆದ್ರೆ ನಾನು ಹತ್ತಲ್ಲ."

ಸೀಟಕ್ಕನಿಗೆ ಗಾಡಿ ಓಡಿಸಲು ಬಾರದು. ಅವನು ಹತ್ತದಿದ್ದರೆ ಕೆರೆಯೂ ಇಲ್ಲ, ಪುಕ್ಕವೂ ಇಲ್ಲ.

ಕೈಯಲ್ಲಿದ್ದದ್ದು ಹೊಸ ಹೊಲಿಗೆ ಮಷಿನ್ನಿಗೆ ಎಂದು ಎತ್ತಿಟ್ಟ ದುಡ್ಡು. ಹಳೇ ಮಷಿನ್ನೇ ಇನ್ನೆರಡು ವರ್ಷ ದುಡಿಯಲಿ ಎಂದು ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಹಳೇ ಗಾಡಿ ಮಾರುವ ಯಾರ್ಡಿಗೆ ಹೊರಟಳು. ಜೊತೆಗೆ ಗಂಡನೂ ಮೈದುನನೂ ಬಂದರು. ಮೈದುನ ಮೆಕ್ಯಾನಿಕ್. ಅವನ ಉಗುರಿನ ಗ್ರೀಸು ಮದುವೆಯ ದಿನವೂ ಹೋಗಿರಲಿಲ್ಲ.

"ನಾಲ್ಕೂ ಚಕ್ರ ಎಳೆಯೋ ಜೀಪೇ ಬೇಕು ಅತ್ತಿಗೆ," ಎಂದ ಮೈದುನ. "ಮಿಕ್ಕಿದ್ದೆಲ್ಲ ಆಟದ ಸಾಮಾನು."

ಯಾರ್ಡಿನಲ್ಲಿ ಒಂದು ಹಸಿರು ಜೀಪಿತ್ತು. ಸೀಟಕ್ಕ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಕಂದು ರೆಕ್ಸಿನ್, ಅಂಚಿಗೆ ಜೋಡಿ ಹೊಲಿಗೆ, ಮೂಲೆಯಲ್ಲಿ ಪುಟ್ಟದೊಂದು ಅಡ್ಡಗಂಟು. ಆ ಗಂಟು ಹಾಕುವವಳು ಊರಿಗೆ ಒಬ್ಬಳೇ.

"ರೀ, ಇದು ನನ್ನ ಕೈ," ಎಂದಳು. "ಏಳೆಂಟು ವರ್ಷ ಆಯ್ತು. ಒಂದು ಎಳೆ ಬಿಟ್ಟಿಲ್ಲ ನೋಡಿ."

"ಗಾಡಿ ನೋಡಮ್ಮ ಅಂದ್ರೆ ಹೊಲಿಗೆ ನೋಡ್ತಾಳೆ," ಎಂದ ನಿಧಾನಣ್ಣ.

ಆದರೆ ಅವಳು ಆಗಲೇ ಸೊಂಟದ ಗಂಟು ಬಿಚ್ಚುತ್ತಿದ್ದಳು. ಎಂಜಿನ್ ನೋಡಲಿಲ್ಲ, ರೇಟು ಇಳಿಸಲಿಲ್ಲ. ತಪ್ಪಿಹೋದ ಮಗಳು ಸಂತೆಯಲ್ಲಿ ಸಿಕ್ಕ ಹಾಗೆ ಸೀಟನ್ನು ಸವರುತ್ತಲೇ ಇದ್ದಳು. ಯಾರ್ಡಿನ ಮಾಲೀಕ ರಸೀದಿ ಪುಸ್ತಕ ಹುಡುಕಲು ಎದ್ದ.

"ಒಂದ್ಸಲ ಕೂತಾದ್ರೂ ನೋಡ್ತೀನಿ," ಎಂದು ನಿಧಾನಣ್ಣ ಹತ್ತಿ ಕೂತ. ಬಲಗಾಲಲ್ಲಿ ಬ್ರೇಕು ಒತ್ತಿದ, ಎಡಗಾಲನ್ನು ಒತ್ತಿ ಊರಿದ. ಎಡಗಾಲು ಕೆಳಗೆ ಹೋಯಿತು. ಇನ್ನೂ ಹೋಯಿತು. ಕೊನೆಗೆ ಜೀಪಿನ ಹೊಟ್ಟೆಯ ಕೆಳಗೆ ಒಂದು ಚಪ್ಪಲಿ ಕಾಣಿಸಿಕೊಂಡಿತು.

"ಇದು ಕಾಲಲ್ಲಿ ನಡೆಸೋ ಗಾಡಿ ಕಣೇ," ಎಂದ ಒಳಗಿನಿಂದ.

ಆಗ ನೆನಪಾಯಿತು ಸೀಟಕ್ಕನಿಗೆ. ಆವತ್ತು ಈ ಜೀಪು ತಂದಿದ್ದ ಗಿರಾಕಿ, "ನೆಲಕ್ಕೂ ಒಂದು ದಪ್ಪ ಮ್ಯಾಟ್ ಹೊಲಿದುಬಿಡಿ," ಎಂದಿದ್ದ. ಯಾಕೆ ಎಂದು ಕೇಳಿರಲಿಲ್ಲ. ನಾಲ್ಕು ಪದರ ಕ್ಯಾನ್ವಾಸ್ ಹಾಕಿ, ಆನೆ ಹತ್ತಿದರೂ ಹರಿಯದ ಹಾಗೆ ಹೊಲಿದು ಕೊಟ್ಟಿದ್ದಳು. ಕೆಳಗಿನ ತಗಡೆಲ್ಲ ತುಕ್ಕು ಹಿಡಿದು ಉದುರಿಹೋದರೂ ಮ್ಯಾಟು ಮಾತ್ರ ಇಷ್ಟು ವರ್ಷ ನೆಲದ ಹಾಗೆ ನಟಿಸಿಕೊಂಡು ಕೂತಿತ್ತು. ಗಂಡನ ಕಾಲಿಗೆ ಅದರ ಅಂಚು ಸರಿಯಿತು, ಅಷ್ಟೇ.

ಮೈದುನ ಎದುರಿಗೆ ನಗಲಾರದೆ ಜೀಪಿನ ಹಿಂದಕ್ಕೆ ಹೋಗಿ ನಕ್ಕ. ಸೀಟಕ್ಕ ದುಡ್ಡನ್ನು ವಾಪಸ್ ಕಟ್ಟಿಕೊಂಡಳು. ಮುಖ ಕೆಂಪಗಾಗಿತ್ತು. ತನ್ನ ಹೊಲಿಗೆ ತನಗೇ ಟೋಪಿ ಹಾಕಿತ್ತು.

"ಸರಿ, ಇನ್ನು ಸೀಟು ನೋಡಲ್ಲ," ಎಂದಳು. "ರೀ, ನೀವೇನಂದ್ರಿ? ನಾವಿಬ್ರೇ ಎತ್ತೋ ಹಾಗಿರಬೇಕು ಅಂದ್ರಿ ತಾನೇ? ಹಾಗಾದ್ರೆ ಇಳೀರಿ. ತಳ್ಳೋಣ."

"ಯಾವುದನ್ನ?"

"ಎಲ್ಲವನ್ನೂ."

ಗಂಡ ಹೆಂಡತಿ ಸೆರಗು, ಪಂಚೆ ಬಿಗಿದು ಶುರು ಮಾಡಿದರು. ಜೀಪು ಗೋಡೆ ಇದ್ದ ಹಾಗೆ ಇತ್ತು. ಪಕ್ಕದ ದೊಡ್ಡ ಪಿಕಪ್ಪನ್ನು ತಳ್ಳಿದರೆ ಅದು ಅಲುಗಲಿಲ್ಲ, ನಿಧಾನಣ್ಣನೇ ಹಿಂದಕ್ಕೆ ಜಾರಿದ. ಮೂರನೆಯದು ಒಂದು ಗೇಣು ಸರಿದು, ಬೇಜಾರಾಗಿ ವಾಪಸ್ ಬಂತು. ಯಾರ್ಡಿನ ಆಳುಗಳೆಲ್ಲ ಸ್ಪ್ಯಾನರ್ ಕೆಳಗಿಟ್ಟು ಸಾಲಾಗಿ ನಿಂತರು.

"ಅಕ್ಕ, ಗಾಡಿ ಓಡಿಸೋಕೆ ಕೊಳ್ತೀರೋ, ಕುಸ್ತಿ ಆಡೋಕೋ?" ಎಂದ ಮಾಲೀಕ.

"ಸೋತ ಗಾಡಿ ಯಾವುದಿದೆ ಹೇಳಪ್ಪ, ಅದೇ ಬೇಕು," ಎಂದಳು.

ಹಿಂದಿನ ಮೂಲೆಯಲ್ಲಿ ಒಂದು ಬಿಳಿ ಪುಟ್ಟ ವ್ಯಾನ್ ಇತ್ತು. ಲಾಂಡ್ರಿಯವರು ಬಟ್ಟೆ ಸಾಗಿಸಿ ಸಾಗಿಸಿ ಬಿಟ್ಟದ್ದು. ಸಣ್ಣ ಚಕ್ರ, ಬೆಂಕಿಪೊಟ್ಟಣದಂಥ ಮೈ, ಸೀಟು ಚಿಂದಿ. ಸೀಟಕ್ಕ ಕೆಳಗೆ ಬಗ್ಗಿ ವ್ಯಾನಿನ ಹೊಟ್ಟೆಗೂ ನೆಲಕ್ಕೂ ನಡುವೆ ಕೈ ಚಾಚಿ ಅಳೆದಳು. ಒಂದು ಗೇಣು ಸಲೀಸಾಗಿ ಹಿಡಿಯಿತು. ಒಳಗೆ ಹತ್ತಿ ನೆಲವನ್ನು ಎಲ್ಲ ಕಡೆ ಕುಟ್ಟಿದಳು. ಗಟ್ಟಿ ತಗಡು. ಇಳಿದು, ಗಂಡನ ಪಕ್ಕ ನಿಂತು, "ಹೂಂ," ಎಂದಳು.

ವ್ಯಾನ್ ಹೊರಟೇಬಿಟ್ಟಿತು. ಯಾರ್ಡು ಗೇಟಿನ ಕಡೆಗೆ ಇಳಿಜಾರು ಎಂದು ಯಾರೂ ಗಮನಿಸಿರಲಿಲ್ಲ. ತಳ್ಳುವ ಖುಷಿಯಲ್ಲಿ ಇಬ್ಬರೂ ಹಿಂದಿದ್ದರು, ಒಳಗೆ ಒಬ್ಬರೂ ಇರಲಿಲ್ಲ.

"ಹಿಡೀರಿ," ಎಂದಳು ಸೀಟಕ್ಕ.

ಜೀವಮಾನದಲ್ಲಿ ಮೊದಲ ಸಲ ನಿಧಾನಣ್ಣ ಓಡಿದ. ಪಂಚೆ ಎತ್ತಿ ಹಿಡಿದು ಓಡಿದ. ಹಿಂದೆ ಸೀಟಕ್ಕ, ಅವಳ ಹಿಂದೆ ಮೈದುನ, ಅವನ ಹಿಂದೆ ರಸೀದಿ ಪುಸ್ತಕ ಹಿಡಿದ ಮಾಲೀಕ. ವ್ಯಾನ್ ಯಾರಿಗೂ ಕಾಯದೆ ಹೋಗಿ, ಗೇಟಿನ ಪಕ್ಕದ ಹಳೇ ಟೈರಿನ ರಾಶಿಗೆ ಮೂತಿ ಒತ್ತಿ, ಮೆತ್ತಗೆ ನಿಂತುಕೊಂಡಿತು.

ನಿಧಾನಣ್ಣ ಅದರ ಬೆನ್ನಿಗೊರಗಿ ಕುಸಿದು ಕೂತು ನಗತೊಡಗಿದ. ಅವನು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಹೆಂಡತಿ ನೋಡಿ ಎಷ್ಟೋ ವರ್ಷವಾಗಿತ್ತು.

"ಅಲ್ಲ ಅತ್ತಿಗೆ," ಎಂದ ಮೈದುನ ಏದುಸಿರು ಬಿಡುತ್ತ, "ಇಬ್ರೂ ತಳ್ಳಿದ್ರೆ ಸ್ಟೇರಿಂಗ್ ಹಿಡಿಯೋರ್ಯಾರು? ದೆವ್ವಾನಾ?"

ಈ ಮಾತು ಯಾರಿಗೂ ಹೊಳೆದಿರಲಿಲ್ಲ. ನಿಧಾನಣ್ಣನ ನಗು ನಿಂತಿತು. ಅವನು ತಲೆ ಅಲ್ಲಾಡಿಸಲು ಶುರು ಮಾಡುವುದರೊಳಗೆ ಸೀಟಕ್ಕ ಅವನನ್ನು ಹಿಡಿದೆತ್ತಿ ಡ್ರೈವರ್ ಸೀಟಿಗೆ ನೂಕಿದಳು. ಮೈದುನನೂ ಆಳುಗಳೂ ವ್ಯಾನನ್ನು ಸಮನೆಲಕ್ಕೆ ತಂದು ನಿಲ್ಲಿಸಿದರು. ಅವಳು ಚಪ್ಪಲಿ ಬಿಟ್ಟಳು, ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟಳು, ಕಣ್ಣು ಮುಚ್ಚಿದಳು. ಐದಡಿ ಎತ್ತರವೂ ಇಲ್ಲದ ಹೆಂಗಸು. ಇಪ್ಪತ್ತಾರು ವರ್ಷ ದಪ್ಪ ರೆಕ್ಸಿನ್ ಎಳೆದೆಳೆದು ಕೂರಿಸಿದ ತೋಳು.

ವ್ಯಾನ್ ಒಂದಿಂಚು ಅಲುಗಿತು. ಆಮೇಲೆ ಒಂದು ಮಾರು. ಆಮೇಲೆ ಹೊರಟಿತು.

ನಿಧಾನಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಇದೇ ಇರಲಿ ಬಿಡೇ," ಎಂದ.

ಜೀಪಿಗೆ ಹೇಳಿದ ರೇಟಿನಲ್ಲಿ ಅರ್ಧಕ್ಕೂ ಕಡಿಮೆಗೆ ವ್ಯಾನ್ ಸಿಕ್ಕಿತು. "ಜೊತೆಗೆ ಆ ಜೀಪಿನ ಮ್ಯಾಟ್ ಕೊಡಪ್ಪ," ಎಂದಳು ಸೀಟಕ್ಕ. "ಅದು ನನ್ನ ಮರ್ಯಾದೆ. ಇಲ್ಲಿ ಬಿಟ್ಟು ಹೋಗಲ್ಲ."

ಉಳಿದ ದುಡ್ಡು ಬ್ರೇಕಿಗೂ ಒರಟು ಹಲ್ಲಿನ ಟೈರಿಗೂ ಹೋಯಿತು. ಮೈದುನ, "ಆಟದ ಸಾಮಾನು, ಆಟದ ಸಾಮಾನು," ಎಂದು ಗೊಣಗುತ್ತಲೇ ಎಂಜಿನ್ ಬಿಚ್ಚಿ ಜೋಡಿಸಿದ. ಸೀಟಕ್ಕ ಹಿಂದುಗಡೆ ಮಡಚುವ ಹಾಸಿಗೆ ಹೊಲಿದಳು. ಹತ್ತನೇ ದಿನ ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರಿನ ಕ್ಯಾನು ತುಂಬಿಕೊಂಡು ಹೊರಟರು.

ಡಾಂಬರು ಮುಗಿಯುವ ಕಡೆ ನಿಧಾನಣ್ಣ ಗಾಡಿ ನಿಲ್ಲಿಸಿ, ಇಳಿದು, ಅಂಚನ್ನು ಹೊಸ್ತಿಲ ಹಾಗೆ ದಿಟ್ಟಿಸಿದ. ಮತ್ತೆ ಹತ್ತಿ ಮೊದಲನೇ ಗೇರು ಹಾಕಿದ. ಭರಣಿ ಸೀಟಕ್ಕನ ತೊಡೆಯ ಮೇಲೆ ಗಲಗಲ ಎನ್ನುತ್ತಿತ್ತು.

ಮೂವತ್ತನಾಲ್ಕನೇ ಕಿಲೋಮೀಟರಿನಲ್ಲಿ ಒಂದು ಒಣಹಳ್ಳ. ಹಿಂದಿನ ಚಕ್ರಗಳು ಮರಳಲ್ಲಿ ತಿರುಗಿ ತಿರುಗಿ ಅರ್ಧ ಹೂತವು. ನಿಧಾನಣ್ಣನ ಮುಖ ಬಿಳಿಚಿತು. ಅಭ್ಯಾಸಬಲದಿಂದ ಸುತ್ತ ನೋಡಿದ. ಚಪ್ಪಾಳೆ ಹೊಡೆಯಲು ಯಾರೂ ಇರಲಿಲ್ಲ. ಒಂದು ಮೇಕೆ ಇತ್ತು, ಅದೂ ತನ್ನ ಪಾಡಿಗೆ ಮೇಯುತ್ತಿತ್ತು.

ಸೀಟಕ್ಕ ಆಗಲೇ ಇಳಿದಿದ್ದಳು. ಕೈಯಲ್ಲೇ ಮರಳು ತೋಡಿದಳು, ಮರಳಲ್ಲಿ ಹಿಡಿತ ಸಿಗಲಿ ಎಂದು ಟೈರುಗಳ ಗಾಳಿ ಸ್ವಲ್ಪ ಇಳಿಸಿದಳು. ಒಳಗಿನ ಮ್ಯಾಟ್ ಎಳೆದು ತಂದು ದೊಡ್ಡ ಕತ್ತರಿಯಿಂದ ನಡುವೆ ಎರಡು ತುಂಡು ಮಾಡಿ, ಎರಡೂ ಚಕ್ರದ ಮುಂದೆ ತುರುಕಿದಳು.

"ಅಯ್ಯೋ, ನಿನ್ನ ಮರ್ಯಾದೆ ಅಲ್ವೇನೇ ಅದು?"

"ನೆಲ ಆಗಿ ನಟಿಸಿದ್ದು ಸಾಕು. ಈಗ ನೆಲಾನೇ ಆಗ್ಲಿ. ಮೆಲ್ಲಗೆ ಬಿಡಿ ಕ್ಲಚ್ಚು. ಮೆಲ್ಲಗೆ ಓಡಿಸೋದು ನಿಮಗೆ ಹೇಳಿಕೊಡಬೇಕಾ?"

ಅವಳು ಬೆನ್ನು ಕೊಟ್ಟಳು. ಅವನು ಇಪ್ಪತ್ತೊಂಬತ್ತು ವರ್ಷದ ನಿಧಾನವನ್ನೆಲ್ಲ ಎಡಗಾಲಿಗೆ ತಂದುಕೊಂಡ. ಚಕ್ರ ಕ್ಯಾನ್ವಾಸನ್ನು ಕಚ್ಚಿ ಹಿಡಿಯಿತು. ಒಂದು ಹೊಲಿಗೆಯೂ ಬಿಡಲಿಲ್ಲ. ವ್ಯಾನ್ ಮೇಲೆ ಬಂತು, ಗಟ್ಟಿನೆಲ ಹತ್ತಿತು, ಮರಳೆಲ್ಲ ಸೀಟಕ್ಕನ ತಲೆಗೆ ಬಂತು. ಮುಂದೆ ಹೋಗಿ ನಿಂತ ನಿಧಾನಣ್ಣ ಹಾರ್ನ್ ಒತ್ತಿ ಹಿಡಿದುಕೊಂಡವನು ಬಿಡಲೇ ಇಲ್ಲ. ಮೇಕೆ ಓಡಿಹೋಯಿತು.

ಸಂಜೆಗೆ ಮುಂಚೆ ಕೆರೆ ಸಿಕ್ಕಿತು. ನೀಲಿ ಹಕ್ಕಿಗಳೂ ಇದ್ದವು. ಇಬ್ಬರೂ ಕೆರೆಯಂಚಿನಲ್ಲಿ ಕೂತು ಮೊಟ್ಟೆ ತಿಂದರು. "ನಾವಿಬ್ರೇ," ಎಂದು ನಿಧಾನಣ್ಣ ನಾಲ್ಕೈದು ಸಲ ಹೇಳಿದ. ಹಕ್ಕಿಗಳಿಗೂ ಒಂದು ಸಲ ಹೇಳಿದ.

ಈಗ ಬೀದಿಯ ಗುಂಡಿ ಮುಚ್ಚಿ ಅಂಗಡಿ ತೆರೆದಿದೆ. ಭರಣಿಯಲ್ಲಿ ಹೊಸದೊಂದು ಪುಕ್ಕ ಇದೆ, ಅದು ಅವಳದೇ ಸೀಟಿನ ಸಂದಿಯಲ್ಲಿ ಸಿಕ್ಕದ್ದು. ಮಷಿನ್ ಹಳೆಯದೇ, ಸದ್ದು ಜಾಸ್ತಿ, ಆದ್ದರಿಂದ ಸ್ವಲ್ಪ ಜೋರಾಗಿ ಕರೆಯಬೇಕು. ನಿಮ್ಮ ಗಾಡಿಯ ಸೀಟು ಹರಿದಿದ್ದರೂ ಸರಿ, ಹರಿಯದಿದ್ದರೂ ಸರಿ, ಒಂದು ಸಲ ಹೋಗಿ ಅವರಿಬ್ಬರನ್ನೂ ಕಂಡು ಬನ್ನಿ. ಬಾಗಿಲಲ್ಲಿ ಬಿಳಿ ವ್ಯಾನ್ ನಿಂತಿರುತ್ತದೆ. ಬೇಕಿದ್ದರೆ ತಳ್ಳಿ ನೋಡಬಹುದು, ಯಾರೂ ಬೈಯುವುದಿಲ್ಲ. ಒಳಗೆ ಒಬ್ಬರು ಕೂತಿದ್ದಾರೋ ಇಲ್ಲವೋ, ಅದನ್ನು ಮಾತ್ರ ಮೊದಲು ನೋಡಿಕೊಳ್ಳಿ.